ಕನ್ನಡಿಯಂಥ ಚೆನ್ನೆಮಣೆ

ಸಂಕಪ್ಪ ಆಚಾರಿಯ ಭಾವ ಸುಂದರ ಮಸ್ಕತ್ತಿನಿಂದ ಬರುವಾಗ ಎಲ್ಲರಂತೆ ಸೆಂಟು, ಟೇಪ್‌ರೆಕಾರ್ಡರ್ ತರದೆ ಮರ ಕೆತ್ತುವ ರೌಟರ್ ಯಂತ್ರ ತಂದುಕೊಟ್ಟದ್ದೇ ಎಲ್ಲ ರಗಳೆಗೆ ಮೂಲ. ಅದನ್ನು ಚಾಲೂ ಮಾಡಿದರೆ ಅತ್ತಾವರದ ಮಾಡಿನ ಹಂಚುಗಳೆಲ್ಲ ಕುಣಿಯುತ್ತಿದ್ದವು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರು ವಿಮಾನ ಬಂತೆಂದು ತಲೆಯೆತ್ತುತ್ತಿದ್ದರು. ಇದನ್ನು ಕಡಿಮೆ ಮಾಡಿಯೇ ಹೇಳಿದ್ದೇನೆ.

ಆಟಿ ತಿಂಗಳ ಮಳೆ. ಹೋಟೆಲ್ ಮಾಲಕ ಚಿತ್ತರಂಜನ ಶೆಟ್ಟರ ಹೆಂಡತಿ ಆಶಾಲತಾ, ತವರಿಗೆ ಕೊಡಲು ಒಂದು ಚೆನ್ನೆಮಣೆ ಹೇಳಿದ್ದರು. ಹೊರಗೆ ಮಳೆ ಹೊಡೆಯುವಾಗ ಒಳಗೆ ಕೂತು, ಗುಳಿಯಿಂದ ಗುಳಿಗೆ ಕಾಯಿ ಹಾಕುತ್ತ ಆಡುವ ಹಲಗೆ ಅದು.

"ಗುಳಿಯೊಳಗೆ ಬೆರಳಿಗೆ ಸಿಬಿರು ತಾಗ್ಬಾರ್ದು ಆಚಾರಿ. ನಾಳೆ ಸಂಜೆ ಐದಕ್ಕೆ ಬರ್ತೇನೆ. ಇದು ಚಂದ ಆದ್ರೆ ಹೊಸ ಹೋಟೆಲಿನ ನಲ್ವತ್ತು ಬಾಗಿಲೂ ನಿಮಗೇ."

ಮರುದಿನ ಬೆಳಿಗ್ಗೆ ಸಂಕಪ್ಪ ಹಲಸಿನ ತುಂಡೊಂದರಲ್ಲಿ ಪರೀಕ್ಷೆಗೆಂದು ಒಂದು ಗುಳಿ ಕೆತ್ತಿದ. ಒಳಗೆಲ್ಲ ನಾರೆದ್ದು, ಹದಿನೈದು ದಿನ ಕ್ಷೌರ ಕಾಣದ ಗಲ್ಲದ ಹಾಗಾಯಿತು.

ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಯೂಸ್ಟೇಸ್ ಪೊರ್ಬುಗಳು ಕೊಡೆ ಮಡಚುತ್ತ ಒಳಗೆ ಬಂದರು. "ನಿನ್ನದು ಅವಸರ ಮಾರಾಯ. ಮೆಲ್ಲ ನಡೆಸು."

"ಮೆಲ್ಲ ಅಂದ್ರೆ ಎಷ್ಟು ಪೊರ್ಬುಲೆ?"

"ನಮ್ಮ ಇಗರ್ಜಿಯ ಮೆರವಣಿಗೆ ಹೋಗ್ತದಲ್ಲ, ಹಾಗೆ."

ಯಂತ್ರದ ಮೆರವಣಿಗೆ ಒಂದೇ ಕಡೆ ನಿಂತಿತು. ಮರ ಕರಟಿ ಎದ್ದ ಹೊಗೆಗೆ ಪಕ್ಕದ ಮನೆಯ ಮಟಿಲ್ಡಾ ಬಾಯಿ ಕೊಡಪಾನದಲ್ಲಿ ನೀರು ಹಿಡಿದು ಓಡಿ ಬಂದರು. "ದೋಸೆ ಕಾವಲಿಗೆ ಎಣ್ಣೆ ಹಾಕುದಿಲ್ವಾ? ಅಷ್ಟೂ ತಿಳೀಲಿಲ್ವಾ ನಿನಗೆ?" ಎಂದು ತೆಂಗಿನೆಣ್ಣೆಯನ್ನೂ ತಂದುಕೊಟ್ಟರು. ಎಣ್ಣೆ, ಮರದ ಹುಡಿ ಎರಡೂ ಕಲಸಿ ಹೋಳಿಗೆಯ ಹೂರಣವಾಗಿ, ಆಫೀಸಿಗೆ ಹೊರಟವರು ಸದ್ದು ಕೇಳಿ ಆಗಷ್ಟೇ ಮೆಟ್ಟಿಲು ಹತ್ತಿದ ನೆರೆಯ ಕಮಲಾಕ್ಷ ಭಟ್ಟರ ಬಿಳಿ ಅಂಗಿಗೆ ರಪ್ಪನೆ ಬಡಿಯಿತು.

ಭಟ್ಟರು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಲ್ಲೇ ಕೂತರು. "ಇದಕ್ಕೆ ಸ್ಪೀಡ್ ಬೇಕು ಆಚಾರಿ. ಮರಕ್ಕೆ ಯೋಚನೆ ಮಾಡ್ಲಿಕ್ಕೆ ಪುರುಸೊತ್ತು ಕೊಡ್ಬಾರ್ದು."

ಮರ ಯೋಚಿಸಲಿಲ್ಲ. ಚಕ್ಕೆಯಾಗಿ ಹಾರಿ ಕಿಟಕಿ ದಾಟಿತು. ನೇತ್ರಾವತಿಯಲ್ಲಿ ತೇಲುತ್ತಿದ್ದುದನ್ನು ಕಂಡವರಿದ್ದಾರೆ.

ಮೂರು ಗಂಟೆಗೆ, ಯಾರ ಸಲಹೆ ಹೆಚ್ಚು ಹಾಳು ಎಂದು ಮೂವರೂ ಜಗಳಕ್ಕಿಳಿದಾಗ, ಸಂಕಪ್ಪನಿಗೆ ಆ ದಿನ ಮೊದಲ ಸಲ ಯೋಚಿಸಲು ಬಿಡುವು ಸಿಕ್ಕಿತು. ಯಂತ್ರಕ್ಕೆ ಹೊಸ ಅಲಗು ಹಾಕಿದ. ಇನ್ನೊಂದು ತುಂಡು ಇಟ್ಟು, ಬೇಕಾದ ಆಳಕ್ಕಿಂತ ಕಾಗದದಷ್ಟು ಕಡಿಮೆ ಕೆತ್ತಿದ. ಆ ಕಾಗದದಷ್ಟನ್ನು ಮಾತ್ರ, ಎಲ್ಲೂ ನಿಲ್ಲದೆ, ಒಂದೇ ಸುತ್ತಿನಲ್ಲಿ ಸವರಿ ತೆಗೆದ.

ಗುಳಿ ಕನ್ನಡಿಯಾಯಿತು. ಕೂರಲು ಬಂದ ನೊಣ ಜಾರಿ ಬಿತ್ತು.

"ಇದೇ ನಾನು ಹೇಳಿದ ಮೆಲ್ಲ," ಎಂದರು ಪೊರ್ಬುಗಳು.

"ಎಣ್ಣೆಯ ಪಸೆ ಉಳಿದಿತ್ತು, ಅದಕ್ಕೇ," ಎಂದರು ಮಟಿಲ್ಡಾ ಬಾಯಿ.

ಸಂಕಪ್ಪ ಅಸಲು ಹಲಗೆ ಇಟ್ಟು ಶುರುಮಾಡಿದ. ಬೆಣ್ಣೆಗೆ ಚಮಚ ಇಳಿದಂತೆ ಯಂತ್ರ ಇಳಿಯುತ್ತಿತ್ತು. "ಇನ್ನೊಂದು ಗುಳಿ ಮಾಡು, ನೋಡುವ," ಎಂದು ಒಬ್ಬೊಬ್ಬರೇ ಹುರಿದುಂಬಿಸಿದಂತೆ ಅವನಿಗೂ ಕೈ ನಿಲ್ಲಿಸುವ ಮನಸ್ಸಾಗಲಿಲ್ಲ. ಹಲಗೆ ಮುಗಿದಾಗ ಯಂತ್ರ ನಿಂತಿತು.

ಐದಕ್ಕೆ ಆಶಾಲತಾ ಕಾರಿನಿಂದಿಳಿದರು. ಗುಳಿಯೊಳಗೆ ಬೆರಳಾಡಿಸಿ, "ಎಂತ ಆಚಾರಿ ಇದು, ಪಿಂಗಾಣಿಯ ಹಾಗೆ ಉಂಟು," ಎಂದರು. ಸಂಕಪ್ಪನ ಕಣ್ಣೆದುರು ನಲವತ್ತು ಬಾಗಿಲುಗಳೂ ಒಟ್ಟಿಗೆ ತೆರೆದುಕೊಂಡವು.

"ಕಾಯಿ ಹೇಗೆ ಕೂರ್ತದೆ ನೋಡುವ." ಅವರು ತಂದಿದ್ದ ಕಾಯಿಯ ಚೀಲ ಬಿಚ್ಚಿ ಗುಳಿಗೆ ನಾಲ್ಕರಂತೆ ಹಾಕುತ್ತ ಹೋದರು. ಚೀಲ ಬರಿದಾಯಿತು. ಎರಡು ಗುಳಿ ಖಾಲಿ ಉಳಿದವು.

"ಎಲ್ಲಿಯೋ ಬಿದ್ದಿರ್ಬೇಕು," ಎಂದು ಭಟ್ಟರು ಬೆಂಚಿನಡಿಗೆ ನುಗ್ಗಿದರು. ಪೊರ್ಬುಗಳು ಕೊಡೆ ಬಿಚ್ಚಿ ಕೊಡವಿದರು.

"ಕಾಯಿ ಸರಿ ಉಂಟು, ಐವತ್ತಾರು," ಎಂದರು ಆಶಾಲತಾ. "ಚೆನ್ನೆಮಣೆಗೆ ಎರಡು ಸಾಲು, ಸಾಲಿಗೆ ಏಳು ಗುಳಿ. ನೀವು ಎಂಟೆಂಟು ತೆಗೆದಿದ್ದೀರಲ್ಲ."

ಬೆಂಚಿನಡಿಯಿಂದ ಭಟ್ಟರ ದನಿ ಬಂತು: "ತುದಿ ಕತ್ತರಿಸಿದ್ರೆ ಆಯ್ತಲ್ಲ."

"ಎಂಟನೆಯದು ಕೂತದ್ದೇ ಹಿಡಿ ಮಾಡ್ಲಿಕ್ಕೆ ಬಿಟ್ಟಿದ್ದ ಜಾಗದಲ್ಲಿ," ಎಂದ ಸಂಕಪ್ಪ, ಸಣ್ಣ ದನಿಯಲ್ಲಿ.

ಆಶಾಲತಾಗೆ ನಗು ತಡೆಯಲಾಗಲಿಲ್ಲ. "ನುಣುಪಿಗೆ ಮಾತಿಲ್ಲ. ಇನ್ನೊಂದು ಮಾಡಿ. ನಾಳೆ ಐದಕ್ಕೆ ಬರ್ತೇನೆ. ಬಾಗಿಲಿನ ಮಾತು ಆಮೇಲೆ."

ಕಾರು ಹೋಯಿತು. ಸಂಕಪ್ಪ ಹೊಸ ಹಲಗೆ ತಂದಿಟ್ಟ. ಮೂವರೂ ಸ್ಟೂಲುಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಹೆದರ್ಬೇಡ ಮಾರಾಯ," ಎಂದರು ಪೊರ್ಬುಗಳು. "ನೀನು ಮಿಶಿನ್ ನೋಡ್ಕೋ. ಎಣಿಸ್ಲಿಕ್ಕೆ ನಾವಿದ್ದೇವೆ."

ಯಂತ್ರ ಹಲಗೆ ಮುಟ್ಟುವ ಮೊದಲೇ ಮಟಿಲ್ಡಾ ಬಾಯಿಯ ಎಣಿಕೆ ಮೂರಕ್ಕೆ ಬಂದಿತ್ತು.