ಅತ್ತೆಯ ಜೊತೆ ಸೊಪ್ಪಿಗೆ ಹೋದದ್ದು

ನಮ್ಮ ಸೋದರತ್ತೆಯ ಸ್ಕೂಟರಿನ ಹಿಂದೆ ಒಮ್ಮೆ ಕೂತು ಬಂದವರು ದೇವರಿಲ್ಲ ಎಂದು ವಾದ ಮಾಡುವುದನ್ನು ಬಿಟ್ಟುಬಿಡುತ್ತಾರೆ! ನಾನೋ, ರಾಮನಗರದ ಬಾಡಿಗೆ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಓಡಿಬರುವ ಹೆಣ್ಣು. ಬೆದರುಗೊಂಬೆ ಕಂಡರೂ ಒಂದು ಗಳಿಗೆ ನಿಲ್ಲುತ್ತೇನೆ. ಅತ್ತೆಯದು ಪೂರ್ತಿ ಉಲ್ಟಾ. ಮಾವ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಸ್ಕೂಟರ್ ಕಲಿತಳು. ಸಾತನೂರಿನ ಹತ್ತಿರ ಒಬ್ಬಳೇ ರೇಷ್ಮೆಹುಳ ಸಾಕುತ್ತಾಳೆ. "ಎದೆ ಹೇಳ್ತು ಕಣವ್ವ" ಅಂದಳೆಂದರೆ ಮುಗಿಯಿತು, ಇನ್ನು ಅವಳನ್ನು ಹಿಡಿಯುವವರಿಲ್ಲ.

ಆ ಎದೆ ಎಷ್ಟು ನಂಬಿಕಸ್ಥ ಅಂತೀರಾ? ಕೇಳಿ. ಕುದೂರಿನಲ್ಲಿ ನೆಂಟರ ಗೃಹಪ್ರವೇಶ. ಬಸ್ಸಿಳಿದು ಯಾರನ್ನಾದರೂ ವಿಳಾಸ ಕೇಳೋಣ ಎಂದೆ. "ಯಾಕ್ ಕೇಳ್ಬೇಕು? ಆ ತೋರಣ ಕಟ್ಟಿರೋ ಮನೆಯೇ. ಎದೆ ಹೇಳ್ತೈತೆ" ಎಂದು ಸೀದಾ ನುಗ್ಗಿದಳು. ಮನೆಯಾಕೆಗೆ ಸೀರೆ ಕೊಟ್ಟು, ಮಕ್ಕಳ ಕೆನ್ನೆ ಹಿಂಡಿ, ಪಂಕ್ತಿಯಲ್ಲಿ ಕೂತದ್ದೂ ಆಯಿತು. ಒಬ್ಬಟ್ಟು ಬಡಿಸುವ ಹೊತ್ತಿಗೆ ಸುತ್ತ ನೋಡುತ್ತೇನೆ, ನಮ್ಮವರು ಒಬ್ಬರೂ ಇಲ್ಲ! ಅತ್ತೆಯ ಸೆರಗು ಜಗ್ಗಿದೆ.

"ಅತ್ತೆ, ಇದು ಬೇರೆಯವರ ಮನೆ!"

"ಗೊತ್ತಾಯ್ತು ಬುಡು. ತುಪ್ಪ ಹಾಕುಸ್ಕೊ."

ಆ ಮನೆಯವರು ಈಗ ಹಬ್ಬಹಬ್ಬಕ್ಕೂ ಅತ್ತೆಗೆ ಫೋನ್ ಮಾಡುತ್ತಾರೆ. ನಿಜವಾದ ನೆಂಟರು ಮಾತ್ರ ಇನ್ನೂ ಮಾತು ಬಿಟ್ಟಿದ್ದಾರೆ.

ಅವಳ ಇನ್ನೊಂದು ಹುಚ್ಚೆಂದರೆ ಕಂಡದ್ದನ್ನೆಲ್ಲ ಹರಸುವುದು. ಸ್ಕೂಟರ್ ಸ್ಟಾರ್ಟ್ ಆದರೆ, "ನಿನ್ನೊಟ್ಟೆ ತಣ್ಗಿರ್ಲಪ್ಪ" ಎಂದು ಪೆಟ್ರೋಲ್ ಟ್ಯಾಂಕಿಗೆ ಹಾರೈಕೆ. ಆಗದಿದ್ದರೆ, ತಳ್ಳಿಕೊಂಡು ಹೋಗಲು ಕಾಲು ಗಟ್ಟಿ ಇವೆಯಲ್ಲ ಎಂದು ಕಾಲಿಗೆ ಹಾರೈಕೆ!

ಹೋದ ವರ್ಷ ರಜೆಗೆಂದು ಅವಳ ಮನೆಗೆ ಹೋಗಿದ್ದೆ. ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ಮೊದಲಿನ ನಿದ್ದೆ. ಕೊನೆಯ ಆ ನಿದ್ದೆಯಿಂದ ಎದ್ದ ಹುಳದ ಹಸಿವು ನಮ್ಮ ನಿಮ್ಮ ಹಸಿವಲ್ಲ. ಆಗ ಹಿಪ್ಪುನೇರಳೆ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿರಲಿ, ಹುಳವೇ ಉಳಿಯುವುದಿಲ್ಲ. ಸರಿಯಾಗಿ ಅಂಥ ಹೊತ್ತಿನಲ್ಲಿ ಕಾಡಿನಿಂದ ಆನೆಗಳು ಇಳಿದು ಅತ್ತೆಯ ಹಿಪ್ಪುನೇರಳೆ ತೋಟವನ್ನು ತುಳಿದು ಹೋದವು. ಅತ್ತೆ ಮುರಿದ ಗಿಡಗಳ ನಡುವೆ ನಿಂತು, "ಹುಳದ್ಮನೆ ತಾವ್ಕೆ ಬರ್ಲಿಲ್ವಲ್ಲ, ನಿನ್ನೊಟ್ಟೆ ತಣ್ಗಿರ್ಲಪ್ಪ" ಎಂದಳು. ತೋಟದಂಚಿನ ಬಾಳೆಗಿಡಗಳನ್ನೆಲ್ಲ ತಿಂದವನ ಹೊಟ್ಟೆ ತಣ್ಣಗಿರದೆ ಇನ್ನೇನು!

ಚನ್ನಪಟ್ಟಣದ ಕಡೆಯ ಒಂದು ಊರಿನಲ್ಲಿ ಸೊಪ್ಪು ಸಿಗುತ್ತದೆಂದು ತಿಳಿಯಿತು. ಕಾಡಂಚಿನ ರಸ್ತೆ, ಸಂಜೆ ಬೇರೆ, ಯಾವ ಆಟೋದವನೂ ಒಪ್ಪಲಿಲ್ಲ. ಅತ್ತೆ ಸ್ಕೂಟರ್ ಹೊರಗೆ ತೆಗೆದಳು.

"ಎದೆ ಹೋಗು ಅಂತೈತೆ."

"ನನ್ನೆದೆ ಬೇಡ ಅಂತಿದೆ ಅತ್ತೆ!"

"ಅದು ಎದೆಯಲ್ಲ ಮಗ, ಹೊಟ್ಟೆ. ಮಧ್ಯಾಹ್ನ ಸರಿಯಾಗಿ ಉಣ್ಲಿಲ್ಲ ನೀನು. ಹತ್ತು."

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಮುಂದೊಂದು ಮೂಟೆ, ನನ್ನ ಬೆನ್ನಿಗೊಂದು ಮೂಟೆ. ಬೆಳಕು ಕಂದುತ್ತಿತ್ತು. ನಾನು ಪ್ರತಿ ಬಂಡೆಯಲ್ಲೂ ಸೊಂಡಿಲು ಕಾಣುತ್ತಿದ್ದೆ. ಒಂದು ತಿರುವಿನಲ್ಲಿ ಅತ್ತೆ ಸ್ಕೂಟರ್ ನಿಲ್ಲಿಸಿ ಎಂಜಿನ್ ಆಫ್ ಮಾಡಿದಳು. ಮುಂದೆ, ರಸ್ತೆಯ ಪಕ್ಕದಲ್ಲೇ, ಬಿದಿರು ಲಟಲಟ ಮುರಿಯುವ ಸದ್ದು. ಅತ್ತೆ ಪಿಸಪಿಸ ಹರಸುತ್ತಿದ್ದಳು: ಬ್ರೇಕಿಗೆ, ರಸ್ತೆಗೆ, ಸೊಪ್ಪು ಕೊಟ್ಟವರಿಗೆ, ಎಂದೋ ಹೋದ ಮಾವನಿಗೆ.

ನನಗೆ ರೇಗಿತು. "ಈಗ್ಲೂ ಹರಸ್ತೀಯಲ್ಲ, ನಿಂಗೆ ಭಯಾನೇ ಆಗಲ್ವಾ?"

"ಆಗ್ದೆ ಏನ್ಮಗ? ನಿಮ್ಮಾವ ಹೋದ ದಿವ್ಸದಿಂದ ಬರೀ ಭಯವೇ. ಬಾಯಿ ಸುಮ್ಕಿದ್ರೆ ಅಳು ಬಂದ್ಬುಡ್ತದೆ. ಅದ್ಕೇ ಏನಾರ ಒಂದಕ್ಕೆ ಒಳ್ಳೇದಾಗ್ಲಿ ಅಂತಿರ್ತೀನಿ."

"ಮತ್ತೆ ಎದೆ ಹೇಳೋದು?"

"ಅದು ಯಾವತ್ತೂ ಒಂದೇ ಹೇಳೋದು ಕಣವ್ವ. ಮನೇಲಿ ಕುಂತ್ಕೋಬೇಡ ಅಂತ."

ಕರ್ರಗಿನದೊಂದು ಗೋಡೆ ರಸ್ತೆ ದಾಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ನಡುವೆ ತೂರಿಕೊಂಡು ಒಂದು ಮರಿ. ಸದ್ದು ದೂರವಾಯಿತು. ಅತ್ತೆ ಸ್ಟಾರ್ಟ್ ಬಟನ್ ಒತ್ತಲು ಹೋದಳು. ಬೆರಳು ಜಾರಿತು. ಮತ್ತೆ ಜಾರಿತು. ನಾನೇ ಕೈ ಚಾಚಿ ಒತ್ತಿದೆ.

"ಒಸಿ ಗಟ್ಯಾಗಿ ಹಿಡ್ಕೊ ಮಗ."

"ನಾನು ಬೀಳಲ್ಲ ಅತ್ತೆ."

"ನೀನಲ್ಲ ಕಣವ್ವ, ನಾನು."

ಅಷ್ಟು ವರ್ಷ ಅವಳ ಹಿಂದೆ ಕೂತಿದ್ದವಳಿಗೆ ಅವಳು ಇಷ್ಟು ಸಣ್ಣಗಿದ್ದಾಳೆಂದು ಗೊತ್ತೇ ಇರಲಿಲ್ಲ. ನನ್ನ ಎರಡು ತೋಳೂ ಅವಳನ್ನು ಬಳಸಿ ಇನ್ನೂ ಮಿಕ್ಕವು. ಮನೆಗೆ ಬಂದು ತಟ್ಟೆತಟ್ಟೆಗೂ ಸೊಪ್ಪು ಹಾಕಿ ಮುಗಿಸಿ ಹುಳದ ಮನೆಯ ಹೊಸ್ತಿಲ ಮೇಲೆ ಕೂತೆವು. ಒಳಗೆ ಹುಳಗಳು ಮೇಯುವ ಸದ್ದು, ಜಡಿಮಳೆ ಹಿಡಿದ ಹಾಗೆ. ಅತ್ತೆ ಯಾರಿಗೂ ಏನನ್ನೂ ಹರಸಲಿಲ್ಲ. ನನ್ನ ಹೆಗಲಿಗೆ ಮುಖ ಒತ್ತಿ, ಇಷ್ಟು ವರ್ಷದ್ದನ್ನೆಲ್ಲ ಸೇರಿಸಿ, ಸಮಾಧಾನವಾಗುವಷ್ಟು ಅತ್ತಳು.