ಮಾನ ಕಾಯುವ ಮೆಟಾಕ್ಲಾಸ್

ರಕ್ತಪರೀಕ್ಷೆಯ ಲ್ಯಾಬುಗಳಿಗೆ ಪ್ರೋಗ್ರಾಂ ಬರೆಯುವ ಆ ಕಚೇರಿಗೆ ಬೆಳಬೆಳಿಗ್ಗೆಯೇ ಒಬ್ಬ ಡಾಕ್ಟರ ಫೋನು ಬಂತು.

"ಸಕ್ಕರೆ ತೊಂಬತ್ತೆಂಟು ಅಂತ ಬಂದಿದೆ. ತೊಂಬತ್ತೆಂಟು ಏನು? ಚಮಚವೋ, ಮೂಟೆಯೋ? ನಿಮ್ಮ ವರದಿಗೆ ಮಾನವೇ ಇಲ್ವಲ್ರೀ!"

ನಿಜ. ಪ್ರತಿ ಪರೀಕ್ಷೆಗೂ ಒಂದೊಂದು ಕ್ಲಾಸ್, ಅಂದರೆ ಪ್ರೋಗ್ರಾಮಿನೊಳಗಿನ ಒಂದೊಂದು ಅಚ್ಚು, ಬರೆಯುತ್ತಿದ್ದರು. ಯಾರೋ ಅಳತೆಯ ಮಾನ ಬರೆಯಲು ಮರೆತಿದ್ದರು. ಸರಿಪಡಿಸುವ ಕೆಲಸ ಯಾಕಮ್ಮನ ತಲೆಯ ಮೇಲೆ ಬಿತ್ತು. ಎಲ್ಲದಕ್ಕೂ "ಯಾಕೆ?" ಅನ್ನುವ ಪ್ರೋಗ್ರಾಮರಿಗೆ ಗೆಳೆಯರು ಇಟ್ಟ ಹೆಸರದು.

"ಮರೆಯೋಕೇ ಆಗದ ಹಾಗೆ ಮಾಡೋಕಾಗಲ್ವಾ?" ಎಂದಳು.

ಪಕ್ಕದ ಮೇಜಿನ ಪುಕ್ಕಟೆ ಸಲಹೆಗಾರ ಕುರ್ಚಿ ಉರುಳಿಸಿಕೊಂಡು ಬಂದ. "ಮೆಟಾಕ್ಲಾಸ್ ಹಾಕು. ಕ್ಲಾಸು ವಸ್ತುಗಳನ್ನ ಹುಟ್ಟಿಸುತ್ತೆ, ಮೆಟಾಕ್ಲಾಸು ಕ್ಲಾಸನ್ನೇ ಹುಟ್ಟಿಸುತ್ತೆ. ಮಾನ ಇಲ್ಲದ್ದು ಹುಟ್ಟೋದೇ ಇಲ್ಲ."

"ಹೆರೋ ತಾಯಿನೂ ಅದೇ, ತಪ್ಪು ಹುಡುಕೋ ಅತ್ತೆನೂ ಅದೇ!" ಯಾಕಮ್ಮನ ಕಣ್ಣು ಅರಳಿತು.

ಹನ್ನೊಂದಕ್ಕೆ ಮೆಟಾಕ್ಲಾಸ್ ಸಿದ್ಧ. ಹನ್ನೊಂದೂಕಾಲಿಗೆ ಕಚೇರಿಯೆಲ್ಲ ಹುಯಿಲು. ಮೊದಲು, ಉಳಿದ ಕ್ಲಾಸುಗಳೆಲ್ಲ ಕವಲೊಡೆಯುವ ಮೂಲ ಕ್ಲಾಸೇ ಹುಟ್ಟಲಿಲ್ಲ, ಅದಕ್ಕೂ ಮಾನವಿರಲಿಲ್ಲ. ವಿನಾಯಿತಿ ಕೊಟ್ಟಳು. ಆಮೇಲೆ ರಕ್ತದ ಗುಂಪಿನ ಕ್ಲಾಸು ನಿಂತಿತು, ಗುಂಪಿಗೆಲ್ಲಿಯ ಅಳತೆ? ಇನ್ನೊಂದು ವಿನಾಯಿತಿ. ಅಷ್ಟರಲ್ಲಿ ಗ್ರಾಫ್ ಬಿಡಿಸುವವನು ಓಡಿಬಂದ. ಅವನು ಹೊರಗಿನಿಂದ ತಂದು ಇಲ್ಲಿನ ಕ್ಲಾಸಿನ ಜೊತೆ ಬೆರೆಸಿದ್ದ ಕ್ಲಾಸಿಗೆ ಅದರದೇ ಮೆಟಾಕ್ಲಾಸ್ ಇತ್ತು.

"ಒಬ್ಬಳು ಸೊಸೆಗೆ ಇಬ್ಬರು ಅತ್ತೆಯರು ಕಣೇ! ಜಡೆ ಜಡೆ ಹಿಡ್ಕೊಂಡಿದ್ದಾರೆ, ಬಿಡಿಸು ಬಾ!"

ಊಟದ ಡಬ್ಬಿ ತೆರೆಯದೆ ಹಾಗೇ ತಣ್ಣಗಾಯಿತು. ನಾಲ್ಕಕ್ಕೆ ತಂಡದ ಹಿರಿಯಕ್ಕ ಬಂದು ಪರದೆಯತ್ತ ಇಣುಕಿದಳು.

"ಮಾನ ಬರೆದಿದ್ದಾರಾ ಅಂತ ನೋಡಬೇಕು, ಅಷ್ಟೇ ತಾನೇ? ಮೂಲ ಕ್ಲಾಸಲ್ಲಿ ಎರಡು ಸಾಲು ಬರಿ. ಅದರ ಮರಿ ಹುಟ್ಟಿದಾಗೆಲ್ಲ ಅದೇ ನೋಡ್ಕೊಳ್ಳುತ್ತೆ. ಮಾನ ಬೇಡದವರು 'ಬೇಡ' ಅಂತ ಬರೀಲಿ."

"ಮತ್ತೆ ಮೆಟಾಕ್ಲಾಸ್ ಯಾವಾಗ ಬೇಕಕ್ಕ?"

"ಕ್ಲಾಸು ಹುಟ್ಟೋ ರೀತಿಯನ್ನೇ ಬದಲಾಯಿಸಬೇಕಾದಾಗ. ಅದೂ ಬೇರೆ ದಾರಿ ಇಲ್ಲದಿದ್ರೆ. ಇಲಿ ಓಡಾಡ್ತಿರೋದು ಅಡುಗೆಮನೇಲಿ, ನೀನು ಬೆಟ್ಟ ಅಗೀತಿದೀಯ."

ಎರಡು ಸಾಲು ಬರೆದಳು. ಮೆಟಾಕ್ಲಾಸನ್ನು ಬೇರುಸಹಿತ ಕಿತ್ತಳು. ಎಲ್ಲ ವರದಿಗಳೂ ಮಾನವಂತರಾಗಿ ಹೊರಬಂದವು. ನಿಟ್ಟುಸಿರಿಟ್ಟು ಚೀಲ ಹೆಗಲಿಗೇರಿಸುವಷ್ಟರಲ್ಲಿ ಮ್ಯಾನೇಜರು ಹಲ್ಲು ಕಿರಿಯುತ್ತ ಬಂದರು.

"ಭೇಷ್! ನಿನ್ನ ಮೆಟಾಕ್ಲಾಸ್ ವಿಷಯ ಕೇಳಿ ಮೇಲಿನವರು ದಂಗಾಗಿದ್ದಾರೆ."

"ಸಾರ್, ಅದನ್ನ ಈಗಷ್ಟೇ ತೆಗೆದೆ."

"ನಮ್ಮಲ್ಲಿ ತಾನೇ? ಪರವಾಗಿಲ್ಲ. ಉಳಿದ ಮೂರು ಶಾಖೆಯವರು ಮಧ್ಯಾಹ್ನವೇ ನಕಲು ಮಾಡ್ಕೊಂಡ್ರು. ಸಂದೇಹ ಬಂದ್ರೆ ಕೇಳಿ ಅಂತ ನಿನ್ನ ನಂಬರ್ ಕೊಟ್ಟಿದೀನಿ."

ಫೋನು ಬಡಿದುಕೊಂಡಿತು.

"ಮೇಡಂ, ಬೆಳಿಗ್ಗೆ ಚೆನ್ನಾಗಿತ್ತು. ನಿಮ್ಮ ಮೆಟಾಕ್ಲಾಸ್ ಹಾಕಿದ್ಮೇಲೆ ಒಂದೂ ಓಡ್ತಿಲ್ಲ," ಎಂದಿತು ಅತ್ತಲಿನ ದನಿ, ಬಹಳ ವಿನಯದಿಂದ. "ಅದರ ಮೇಲೆ ಇನ್ನೊಂದು ಹಾಕಿದ್ರೆ ಸರಿಹೋಗುತ್ತಾ?"