ರಸಾಯನಶಾಸ್ತ್ರದ ಮನೆಪಾಠದಲ್ಲಿ "ತಪ್ಪು" ಎನ್ನುವವರು ಬೇಕಾಗಿರುವ ಬಗ್ಗೆ

ಇಂದ:
ಸಾಮಿಯು ಮಹೀನ,
ದ್ವಿತೀಯ ದರ್ಜೆ ಗುಮಾಸ್ತ, ಬಂದರು ಕಚೇರಿ, ನೇಯಾಫು,
ವವಾಉ ದ್ವೀಪ, ಟೊಂಗಾ.
(ವಾಸ: ತಮ್ಮ ಮನೆಯ ಎದುರಿಗೇ)

ಗೆ:
ಲೂಪೆಯವರು,
ಅರ್ಜಿದಾರನ ಹಿರಿಯಕ್ಕ, ಕಲೊಲೈನೆಯ ಸೋದರತ್ತೆ ಹಾಗೂ ಇಡೀ ಕುಟುಂಬದ ಪರಮಾಧಿಕಾರಿ,
ದಾಸವಾಳದ ಬೇಲಿಯ ಆಚೆ.

ವಿಷಯ: ಅರ್ಜಿದಾರನ ಮಗಳು ಕುಮಾರಿ ಕಲೊಲೈನೆಗೆ ರಸಾಯನಶಾಸ್ತ್ರ ಹೇಳಿಕೊಡುವ ಒಳ್ಳೆಯ ಮೇಷ್ಟ್ರು ಸಿಕ್ಕಿಯೂ ಸಿಗದಂತಾಗಿರುವ ಕುರಿತು.

ಉಲ್ಲೇಖ: 1) ಶಾಲೆಯ ಅಂಕಪಟ್ಟಿ, ಜುಲೈ ತಿಂಗಳು: ನೂರಕ್ಕೆ ಮೂವತ್ತೊಂದು.
2) ಅರ್ಜಿದಾರನ ಪತ್ನಿ ಫುಸಿಯ ಮೌಖಿಕ ಆದೇಶ, ಕಳೆದ ಭಾನುವಾರ: "ಅಕ್ಕನ ಮುಂದೆ ಬಾಯಿ ಬಿಡೋಕಾಗಲ್ಲ ಅಂದ್ರೆ ಕೈಲಿ ಬರಿ. ಇಪ್ಪತ್ತೆರಡು ವರ್ಷದಿಂದ ಬಂದರಲ್ಲಿ ಬರ್ದು ಬರ್ದು ಗುಡ್ಡೆ ಹಾಕಿದ್ದೀಯಲ್ಲ, ಇದೊಂದು ಬರ್ಯೋಕೆ ಏನು ರೋಗ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಎದುರು ಮನೆಯಲ್ಲಿದ್ದೂ ಬಂದು ಹೇಳದೆ ಹೀಗೆ ಕಾಗದ ಬರೆಯುತ್ತಿರುವುದು ಜಂಬದಿಂದಲ್ಲ. ತಮಗೆ ತಿಳಿದೇ ಇರುವಂತೆ, ನಮ್ಮಲ್ಲಿ ಅಕ್ಕತಂಗಿಯರ ಎದುರು ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಹರಟುತ್ತ ಕೂರುವಂತಿಲ್ಲ, ಎದುರಾಡುವಂತಿಲ್ಲ. ಅವರ ಸ್ಥಾನ ನಮಗಿಂತ ಮೇಲು. ಆದ್ದರಿಂದ ಈ ಅರ್ಜಿ.

1. ಕಲೊಲೈನೆಗೆ ಔಷಧ ತಯಾರಿಕೆ ಓದಿ, ಇಲ್ಲಿನ ಆಸ್ಪತ್ರೆಯಲ್ಲೇ ಮದ್ದು ಕೊಡುವ ಕಿಟಕಿಯ ಹಿಂದೆ ನಿಲ್ಲಬೇಕೆಂಬ ಆಸೆ. ಬೇರೆ ಆಸೆಯೇ ಆ ಹುಡುಗಿಗಿಲ್ಲ. ರಸಾಯನಶಾಸ್ತ್ರದಲ್ಲಿ ಪಾಸಾಗದೆ ಆ ಓದಿಗೆ ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆಗೆ ಉಳಿದಿರುವುದು ಎಂಟು ವಾರ.

2. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು ಸೇಬು ಕೀಳಲು ಮೂರು ತಿಂಗಳಿಗೆಂದು ನ್ಯೂಜಿಲೆಂಡಿಗೆ ಹೋದವರು ಸೇಬು ಮುಗಿದರೂ ಬಂದಿಲ್ಲ. ಸದ್ಯ ತೋಟಗಾರಿಕೆ ಮೇಷ್ಟ್ರು ಪುಸ್ತಕ ಹಿಡಿದು ಜೋರಾಗಿ ಓದಿ ಹೇಳುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದರೆ ಅದೇ ಸಾಲನ್ನು ಇನ್ನೂ ಜೋರಾಗಿ ಓದುತ್ತಾರೆ.

3. ಕಾರಣ, ಅರ್ಜಿದಾರನು ಮನೆಪಾಠದ ಮೇಷ್ಟ್ರಿಗಾಗಿ ಊರೆಲ್ಲ ಜಾಲಾಡಿದನು. ಮೊದಲು ಸಿಕ್ಕವನು ಯೆನ್ಸ್ ಎಂಬ ಡೆನ್ಮಾರ್ಕಿನ ಮುದುಕ. ಹಾಯಿದೋಣಿಯಲ್ಲಿ ಲೋಕ ಸುತ್ತುತ್ತಿದ್ದ ನಿವೃತ್ತ ಮೇಷ್ಟ್ರು, ಬಂಗಾರದಂಥ ಮನುಷ್ಯ. ಆರು ದಿನ ಪಾಠವಾಯಿತು. ಏಳನೆಯ ದಿನ ಗಾಳಿ ತಿರುಗಿತು. ಕಲೊಲೈನೆ ಪುಸ್ತಕ ಹಿಡಿದು ದೋಣಿಕಟ್ಟೆಗೆ ಹೋಗುವಷ್ಟರಲ್ಲಿ ಆತ ಹಾಯಿ ಎತ್ತಿ ಆಗಿತ್ತು. ಅಷ್ಟು ದೂರದಿಂದಲೇ, "ಮೋಲ್ ಲೆಕ್ಕದ ಉಳಿದರ್ಧ ಪುಸ್ತಕದಲ್ಲೇ ಇದೆ ಮಗಳೇ! ನಾನು ಫಿಜಿಗೆ!" ಎಂದು ಕೂಗಿ ಹೇಳಿದನಂತೆ. ಆತನ ನಿರ್ಗಮನ ಪತ್ರಕ್ಕೆ ಮೊಹರು ಹಾಕಿದ ಗುಮಾಸ್ತ ಈ ಅರ್ಜಿದಾರನೇ ಎಂಬುದನ್ನು ಫುಸಿ ಇವತ್ತಿಗೂ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಾಳೆ.

4. ತರುವಾಯ, ನಮ್ಮ ಅಣ್ಣನ ಮಗ ಪೌಲಾಸಿಯನ್ನು ಕೇಳಲಾಯಿತು. ಫಿಜಿಯ ಸುವಾದಲ್ಲಿ ರಸಾಯನಶಾಸ್ತ್ರ ಓದಿ ಬಂದು ಈಗ ಕುಡಿಯುವ ನೀರು ಪರೀಕ್ಷಿಸುವ ಕೆಲಸದಲ್ಲಿರುವ ಸದರಿಯವನು ಕೇರಿಯ ಮೂವರು ಹುಡುಗರಿಗೆ ಹೋದ ವರ್ಷ ಪಾಠ ಹೇಳಿದ್ದ. ಮೂವರೂ ಪಾಸು. ಅವರಿಗೆ ಆತ ಪಾಠ ಹೇಳುವ ಕ್ರಮ ಹೀಗೆ: "ಲೇ, ತಲೇಲಿ ತೆಂಗಿನ ನಾರು ತುಂಬ್ಕೊಂಡಿದ್ಯಾ? ತಪ್ಪು! ಹೊಡ್ದಾಕು! ಮೊದಲಿಂದ ಬರಿ, ಕತ್ತೆ!" ಇಷ್ಟು ಒಳ್ಳೆಯ ಮೇಷ್ಟ್ರು ನಮ್ಮ ಮನೆಯಲ್ಲೇ ಇದ್ದಾನಲ್ಲ ಎಂದು ಅರ್ಜಿದಾರನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

5. ಆದರೆ ದೊಡ್ಡಪ್ಪನ ಮಗ ಎಂದರೆ ನಮ್ಮಲ್ಲಿ ಒಡಹುಟ್ಟಿದ ಅಣ್ಣನೇ. ಆದ್ದರಿಂದ ಪೌಲಾಸಿ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತ, ಕಲೊಲೈನೆ ಒಳಗೆ ಕೂತಳು, ಬಾಗಿಲು ಅರ್ಧ ತೆರೆದಿಡಲಾಯಿತು. ಇಲ್ಲಿಯವರೆಗೆ ಸರಿ. ಅರ್ಜಿದಾರನು ಕಿವಿಯಾರೆ ಕೇಳಿದ ಪಾಠವನ್ನು ಯಥಾವತ್ತಾಗಿ ಕೆಳಗೆ ಕೊಟ್ಟಿದೆ.

"ಆಮ್ಲ ಹಾಕಿದ್ರೆ ಲಿಟ್ಮಸ್ ಕಾಗದ ನೀಲಿ ಆಗುತ್ತೆ ಅಲ್ವಾ ಅಣ್ಣ?"

"ತಂಗಿಯವರು ಹೇಳಿದ್ಮೇಲೆ ಆಗ್ಲೂಬಹುದು. ಪುಸ್ತಕದೋರು ಮಾತ್ರ ಕೆಂಪು ಅಂತಾರೆ. ಅವರವರ ಅಭಿಪ್ರಾಯ."

"ಈ ಸಮೀಕರಣ ನೋಡು. ಈ ಕಡೆ ಎರಡು ಹೈಡ್ರೋಜನ್, ಆ ಕಡೆ ನಾಲ್ಕು ಬಂತು."

"ಬಂದೋರನ್ನ ಬೇಡ ಅನ್ನೋಕಾಗುತ್ತಾ? ಇರ್ಲಿ ಬಿಡಿ."

ಮೂರು ವಾರ ಹೀಗೇ ನಡೆಯಿತು. ನೋಟ್‌ಪುಸ್ತಕದಲ್ಲಿ ಪ್ರತಿ ಉತ್ತರಕ್ಕೂ ಸರಿ ಗುರುತು, ಪಕ್ಕದಲ್ಲಿ ಒಂದು ಹೂವು. ಮನೆಯಲ್ಲಿ ಹಬ್ಬ. ಅರ್ಜಿದಾರನು ಬಂದರಿನಲ್ಲಿ ಕಂಡಕಂಡವರಿಗೆಲ್ಲ ಮಗಳ ನೋಟ್‌ಪುಸ್ತಕ ತೋರಿಸಿಕೊಂಡು ತಿರುಗಿದನು. ಆಮೇಲೆ ಶಾಲೆಯ ಕಿರುಪರೀಕ್ಷೆ ಬಂತು: ನೂರಕ್ಕೆ ಇಪ್ಪತ್ನಾಲ್ಕು. ಮೇಷ್ಟ್ರೇ ಇಲ್ಲದಾಗ ಬಂದಿದ್ದಕ್ಕಿಂತ ಏಳು ಕಡಿಮೆ.

6. ಅಂದಿನ ಸಂಜೆ ಕಲೊಲೈನೆ ಬಾಗಿಲ ಸಂದಿಯಿಂದ ಕೇಳಿದಳು: "ಅಣ್ಣಾ, ನನ್ನ ಉತ್ರ ತಪ್ಪು ಅಂತ ನಿಂಗೆ ಗೊತ್ತಿತ್ತಾ?"

"ತಪ್ಪು ಅಂತಲ್ಲ..."

"ಮತ್ತೆ?"

"ಸರಿಯಿಂದ ಸ್ವಲ್ಪ ದೂರ ಇತ್ತು."

"ಆ ಹುಡುಗ್ರನ್ನ ಕತ್ತೆ ಅಂದು ಪಾಸ್ ಮಾಡಿಸ್ತೀಯ. ನಂಗೆ ಮರ್ಯಾದೆ ಕೊಟ್ಟು ಫೇಲ್ ಮಾಡಿಸ್ತೀಯ!" ಎಂದು ಹುಡುಗಿ ಗೊಳೋ ಎಂದು ಅತ್ತಳು. ಜಗಲಿಯಲ್ಲಿ ಪೌಲಾಸಿಯೂ ಅತ್ತನು. ಅವನು ಹೇಳಿದ್ದಿಷ್ಟೆ: "ಬಾಯಿಗೆ ಬರಲ್ಲ ಚಿಕ್ಕಪ್ಪ. ತಂಗಿಗೆ ತಪ್ಪು ಅನ್ನೋಕೆ ನಾಲಿಗೇನೇ ಏಳಲ್ಲ. ಕೆಂಪು ಪೆನ್ನು ಹಿಡಿದ್ರೂ ಹೂವೇ ಬರುತ್ತೆ."

7. ಈ ಸಂಬಂಧ ಫುಸಿಯನ್ನು ನಡುವೆ ಕೂರಿಸಿ "ತಪ್ಪು" ಎಂದು ಹೇಳಿಸಿ ನೋಡಲಾಯಿತು. ಫುಸಿಗೆ ರಸಾಯನಶಾಸ್ತ್ರ ಗೊತ್ತಿಲ್ಲವಾದ ಕಾರಣ, "ಅಮ್ಮಾ, ಅಣ್ಣ ಹೇಳಿದ್ದೇ ಬೇರೆ, ನೀನು ಒದರ್ತಿರೋದೇ ಬೇರೆ" ಎಂದು ಮಗಳು ವಾದಕ್ಕಿಳಿದು, ಫುಸಿ ಬಾಚಣಿಗೆ ಎಸೆದು, ಪಾಠ ಬರಖಾಸ್ತಾಯಿತು. ಅರ್ಜಿದಾರನನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬುದು ತಮಗೆ ತಿಳಿದ ವಿಚಾರ.

8. ಆದ್ದರಿಂದ, ಅಣ್ಣ ತಂಗಿ ಇಬ್ಬರಿಗಿಂತಲೂ ಮೇಲಿರುವವರು, "ತಪ್ಪು" ಎಂದರೆ ಇಬ್ಬರೂ ತಲೆ ಬಗ್ಗಿಸಿ ಕೇಳುವವರು ಈ ಕುಟುಂಬದಲ್ಲಿ ತಾವೊಬ್ಬರೇ. ಪೌಲಾಸಿ ಸರಿಯುತ್ತರಗಳನ್ನು ಬರೆದು ತಮ್ಮ ಕೈಗೆ ಕೊಡುತ್ತಾನೆ. ತಾವು ನಡುವೆ ಕೂತು, ಹೊಂದದಿದ್ದ ಕಡೆ ಗದರಿದರೆ ಸಾಕು. ತಮ್ಮ ದನಿಯ ಬಗ್ಗೆ ಅರ್ಜಿದಾರನಿಗೆ ಅನುಮಾನವಿಲ್ಲ. ಮೊನ್ನೆ ಬೇಲಿಯಾಚೆಯಿಂದ, "ಫುಸೀ! ಆ ನಿನ್ನ ಗಂಡ ಮೂರು ದಿನದಿಂದ ನಮ್ಮನೆ ಕಡೆ ಕತ್ತು ಚಾಚಿ ಚಾಚಿ ನೋಡ್ತಾನೆ, ಹಂದಿ ಕಳ್ಕೊಂಡೋನ ಹಾಗೆ! ಏನಂತೆ ಅವನಿಗೆ?" ಎಂದು ತಾವು ಕೇಳಿದ್ದು ಬಂದರಿನವರೆಗೆ ಕೇಳಿಸಿದೆ. ಅವನಿಗೆ ಏನಂತೆ ಎಂಬುದಕ್ಕೆ ಉತ್ತರವೇ ಈ ಅರ್ಜಿ.

9. ಅರ್ಜಿ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಾನು ಜನ್ಮದಲ್ಲಿ ಒಮ್ಮೆಯೂ ಹೇಳದ ಮಾತನ್ನು ತಮ್ಮಿಂದ ಹೇಳಿಸುವುದು ನ್ಯಾಯವಲ್ಲ ಎಂದು ಅರ್ಜಿದಾರನಿಗೆ ಬರೆಯುತ್ತ ಬರೆಯುತ್ತ ಅನ್ನಿಸಿದೆ. 1988ರಲ್ಲಿ, ಅಪ್ಪ ತೀರಿಕೊಂಡ ವರ್ಷ, ಇಬ್ಬರಲ್ಲಿ ಒಬ್ಬರನ್ನಷ್ಟೇ ಶಾಲೆಗೆ ಕಳಿಸಲು ಸಾಧ್ಯ ಎಂದಾಗ, ವಿಜ್ಞಾನದಲ್ಲಿ ಶಾಲೆಗೇ ಮೊದಲಿಗರಾಗಿದ್ದ ತಾವು, "ಸಾಮಿಯು ಓದ್ಲಿ. ನಾನು ವೆನಿಲಾ ಒಣಗ್ಸೋ ಕೆಲ್ಸಕ್ಕೆ ಹೋಗ್ತೀನಿ" ಎಂದಿರಿ. ಅಕ್ಕ ಹೇಳಿದ ಮೇಲೆ ಮುಗಿಯಿತು. ಅಣ್ಣ ಸರಿ ಎಂದ. ಹದಿನಾಲ್ಕು ವರ್ಷದ ಅರ್ಜಿದಾರನು ಗೆಣಸು ತಿನ್ನುತ್ತ ಸುಮ್ಮನಿದ್ದ. ಆ ಗೆಣಸು ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಮರ್ಯಾದೆ ಎಂದು ಎಲ್ಲರೂ ಸುಮ್ಮನಿದ್ದೆವು. ಆ ಮರ್ಯಾದೆ ಒಬ್ಬಳ ಓದನ್ನು ನುಂಗಿತು, ಈಗ ಇನ್ನೊಬ್ಬಳದಕ್ಕೆ ಬಾಯಿ ಹಾಕಿದೆ. ಕಾರಣ, ಮೂವತ್ತಾರು ವರ್ಷ ತಡವಾಗಿ, ಅರ್ಜಿದಾರನು ಈ ಮೂಲಕ ನಿವೇದಿಸಿಕೊಳ್ಳುವುದೇನೆಂದರೆ:

ಅಕ್ಕಾ, ಅದು ತಪ್ಪು.

ವಿಳಂಬವನ್ನು ಮನ್ನಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಎದುರು ನಿಂತು ಹೇಳುವ ಧೈರ್ಯವಿಲ್ಲದ,
ಸಾಮಿಯು

ಲಗತ್ತುಗಳು:
ಅ) ಹೂವು ಬಿಡಿಸಿದ ನೋಟ್‌ಪುಸ್ತಕದ ಹಾಳೆಗಳು, ಹನ್ನೊಂದು.
ಆ) ಸುಟ್ಟ ಹಂದಿಮರಿ, ಒಂದು. (ಎಡಗಿವಿ ರವಾನೆಗೆ ಮುನ್ನವೇ ಕಾಣೆಯಾಗಿದ್ದು, ಫುಸಿಯ ಮೇಲೆ ವಿಚಾರಣೆ ಬಾಕಿ ಇದೆ.)
ಇ) ಹೊಸ ನೋಟ್‌ಪುಸ್ತಕ ಮತ್ತು ಪೆನ್ನು. ಕಲೊಲೈನೆಗೆ ಬೇರೆ ಇದೆ. ಇವು ತಮಗೆ.

ವಿಶೇಷ ಕೋರಿಕೆ: ಪಾಠ ಮಂಗಳವಾರ ಸಂಜೆ ನಾಲ್ಕಕ್ಕೆ. ತಮಗಾಗಿ ಒಳಗೆ ಹೊಸ ಚಾಪೆ ಹಾಸಲಾಗುವುದು. ಅರ್ಜಿದಾರನು ನಿಯಮಾನುಸಾರ ಹಿತ್ತಲಲ್ಲಿ ಹುಲ್ಲು ಕೊಯ್ಯುತ್ತಿರುತ್ತಾನೆ, ಕಿಟಕಿ ತೆರೆದಿರುತ್ತದೆ. ಮೊದಲ "ತಪ್ಪು" ಅರ್ಜಿದಾರನ ಪಾಲಿನದು, ಅದನ್ನು ದಯವಿಟ್ಟು ಕಿಟಕಿಯ ಕಡೆ ತಿರುಗಿ, ತುಸು ಜೋರಾಗಿ ಹೇಳತಕ್ಕದ್ದು.